ಇಪ್ಪತ್ತೈದು ನಿಮಿಷ ಮುಂದೆ

ನಮ್ಮ ಅತ್ತೆಯವರು ನಡುಮನೆಯ ಗೋಡೆ ಗಡಿಯಾರವನ್ನು ಸದಾ ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದರು. ಮಗನಿಗೆ ಕಾರ್ಖಾನೆಯ ಬಸ್ಸು ತಪ್ಪಬಾರದು, ಹಾಲಿನವನು ತಡಮಾಡಿದರೆ ಬೈಯಲು ಆಧಾರವಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಿಂದ ಹೊರಡುವವರು ರಾಹುಕಾಲ ಶುರುವಾಗುವ ಮೊದಲೇ ಹೊಸ್ತಿಲು ದಾಟಿರಬೇಕು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಾನು ಆ ಲೆಕ್ಕ ಕಲಿತೆ: ಗಡಿಯಾರ ನೋಡುವುದು, ಮನಸ್ಸಿನಲ್ಲೇ ಹತ್ತು ಕಳೆಯುವುದು. ತವರಿನಲ್ಲೂ ಕಾನ್ವೆಂಟಿನಲ್ಲೂ ಗಡಿಯಾರ ಹೇಳಿದ್ದೇ ಸಮಯವಾಗಿತ್ತು. ಇಲ್ಲಿ ಅದು ಅತ್ತೆಯವರು ಹೇಳಿಸಿದ ಸಮಯ.

ಅರವತ್ತರ ದಶಕದ ನಡುಭಾಗದ ಮಾತು ಇದು. ಜಯನಗರದ ನಮ್ಮ ಬೀದಿಯಲ್ಲಿ ಆಗ ಏಳೇ ಮನೆಗಳು. ಹಿತ್ತಲಿನ ಗೋಡೆಯಾಚೆ ಮೂರು ಖಾಲಿ ಸೈಟು, ಅದರಾಚೆ ಅವರೆ ಹೊಲ. ನಮ್ಮ ತಾರಸಿಯ ಮೇಲೆ ಎರಡು ಬಿದಿರು ಗಳಗಳ ನಡುವೆ ಒಂದು ಉದ್ದನೆಯ ತಾಮ್ರದ ತಂತಿ ಕಟ್ಟಿತ್ತು. ಅದರಲ್ಲಿ ಒಂದು ಗಳ ಅತ್ತೆಯವರು ಮಡಿಸೀರೆ ಒಣಗಿಸಲು ಇಟ್ಟುಕೊಂಡಿದ್ದದ್ದು. ಅದನ್ನು ಕೇಳದೆ ತೆಗೆದುಕೊಂಡದ್ದಕ್ಕೆ ನಮ್ಮ ಯಜಮಾನರು ಎರಡು ದಿನ ಬೈಸಿಕೊಂಡು, ಕೊನೆಗೆ ಹೊಸ ಗಳ ತಂದುಕೊಟ್ಟರು. ಆ ತಂತಿ ನೋಡಿದವರೆಲ್ಲ ಕೇಳುತ್ತಿದ್ದರು, "ಇದೇನ್ ಸಾರ್, ಬಟ್ಟೆ ಒಣಗಿಸೋಕೆ ಇಷ್ಟು ಎತ್ತರ ಯಾಕೆ?"

ಅದು ಹ್ಯಾಮ್ ರೇಡಿಯೊದ ತಂತಿ. ತಿಳಿಯದವರಿಗಾಗಿ ಹೇಳುತ್ತೇನೆ: ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ಊರೂರುಗಳ ಅಪರಿಚಿತರೊಡನೆ ನಿಸ್ತಂತುವಿನಲ್ಲಿ ಮಾತಾಡುವ ಹವ್ಯಾಸ ಅದು. ಯಜಮಾನರಿಗೆ ಅದರ ಹುಚ್ಚು. ಎರಡನೆಯ ಮಹಾಯುದ್ಧ ಮುಗಿದಮೇಲೆ ಗುಜರಿಗೆ ಬಂದ ಸಾಮಾನುಗಳನ್ನು ಹುಡುಕಿ ತಂದು, ಮುಂದಿನ ಕೋಣೆಯ ಮೇಜಿನ ಮೇಲೆ ತಾವೇ ಸೆಟ್ಟು ಕಟ್ಟಿದ್ದರು. ಊಟದ ಹೊತ್ತಿನಲ್ಲಿ ಅವರು ಬೆರಳಿನಿಂದ ಮಣೆಯ ಮೇಲೆ ಟೆಲಿಗ್ರಾಮಿನ ಮೋರ್ಸ್ ಸಂಕೇತ ತಟ್ಟುವರು, ಕೇಳಿ ಕೇಳಿ ಕಲಿತ ನಾನು ಬಡಿಸುತ್ತಲೇ ಅದನ್ನು ಓದುವೆನು. "ಉಪ್ಪು ಕಮ್ಮಿ" ಎಂದು ಅವರು ತಟ್ಟಿದ್ದನ್ನು ಓದಿ ನಾನು ಉಪ್ಪು ತಂದಿಟ್ಟ ದಿನ, "ನೀನೂ ಪರೀಕ್ಷೆ ಕಟ್ಟು" ಎಂದರು. ಕಟ್ಟಿದೆ, ಪಾಸಾದೆ.

ಲೈಸೆನ್ಸು ಬಂದ ದಿನ ನೆನಪಿದೆ. ಉದ್ದನೆಯ ಸರ್ಕಾರಿ ಲಕೋಟೆಯ ಮೇಲೆ ನನ್ನ ಹೆಸರು, ಬರೀ ನನ್ನ ಹೆಸರು. ರೇಷನ್ ಕಾರ್ಡಿನಲ್ಲಿ ನಾನು ಯಜಮಾನರ ಹೆಸರಿನ ಕೆಳಗಿನ ಒಂದು ಸಾಲು. ಮದುವೆಯ ಕರೆಯೋಲೆಗಳಲ್ಲಿ 'ಮತ್ತು ಕುಟುಂಬದವರು'. ಈ ಲಕೋಟೆಯೊಳಗೆ ಮಾತ್ರ ನನಗೆಂದೇ ಒಂದು ಕರೆಗುರುತು ಇತ್ತು, ನಾಲ್ಕಾರು ಅಕ್ಷರ ಅಂಕೆಗಳದ್ದು. ಜಗತ್ತಿನಲ್ಲಿ ಇನ್ನಾರಿಗೂ ಅದು ಇರುವುದಿಲ್ಲ ಎಂದು ಯಜಮಾನರು ಹೇಳಿದರು. ಅದನ್ನು ಸೀರೆಗಳ ಕೆಳಗಿಟ್ಟು, ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದೆ.

ನೋಡುತ್ತಿದ್ದೆ, ಅಷ್ಟೆ. ಮೈಕಿನ ಮುಂದೆ ಕೂತು ಆ ಕರೆಗುರುತನ್ನು ಬಾಯಿಬಿಟ್ಟು ಹೇಳಲು ಮಾತ್ರ ನನ್ನಿಂದ ಆಗಲಿಲ್ಲ. ಬಾಯಿ ಒಣಗುತ್ತಿತ್ತು. ಐದು ತಿಂಗಳು ಹಾಗೇ ಹೋಯಿತು. ಆಗ ಬಂದದ್ದು ಆ ವರ್ಷದ ಸ್ಪರ್ಧೆಯ ಸುತ್ತೋಲೆ. ಒಂದು ಭಾನುವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಷ್ಟು ನಿಲ್ದಾಣಗಳ ಜೊತೆ, ಅಂದರೆ ಬೇರೆ ಹವ್ಯಾಸಿಗಳ ಸೆಟ್ಟುಗಳ ಜೊತೆ, ಸಾಧ್ಯವೋ ಅಷ್ಟರ ಜೊತೆ ಮಾತಾಡಬೇಕು. ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಅವರದನ್ನು ಪಡೆದು, ಹೊತ್ತು ಸಹಿತ ಲಾಗ್ ಪುಸ್ತಕದಲ್ಲಿ ಬರೆದು ಕಳಿಸಬೇಕು. ಇಬ್ಬರ ಪುಸ್ತಕವನ್ನೂ ತಾಳೆ ನೋಡುತ್ತಾರೆ. ಇಬ್ಬರ ಹೊತ್ತೂ ಹೊಂದದಿದ್ದರೆ ಆ ಸಾಲು ಹೊಡೆದುಹಾಕುತ್ತಾರೆ. ಕನಿಷ್ಠ ಇಪ್ಪತ್ತೈದು ಸಾಲು ಉಳಿದವರ ಕರೆಗುರುತು ಮಾತ್ರ ಫಲಿತಾಂಶದ ಪಟ್ಟಿಯಲ್ಲಿ ಅಚ್ಚಾಗುತ್ತದೆ.

ಪ್ರತಿವರ್ಷ ಅದರಲ್ಲಿ ಯಜಮಾನರು ಕೂರುತ್ತಿದ್ದರು. ಮನೆಯಲ್ಲಿರುವುದು ಒಂದೇ ಸೆಟ್ಟು. ಆ ಸಲ ಸುತ್ತೋಲೆ ನನ್ನ ಮುಂದಿಟ್ಟು, "ಈ ವರ್ಷ ನೀನು ಕೂತ್ಕೊ" ಎಂದರು.

"ನೀವು?"

"ನಾನು ಪ್ರತಿವರ್ಷ ಕೂತಿದ್ದೀನಲ್ಲ. ನಿನ್ನ ಹೆಸರು ಅಚ್ಚಾಗ್ಲಿ ಒಂದ್ಸಲ."

ಅತ್ತೆಯವರು ಒಳಗಿನಿಂದಲೇ ಕೇಳಿಸಿಕೊಂಡಿದ್ದರು. "ಭಾನುವಾರ ಅಂದ್ರೆ ಹಬ್ಬದಡುಗೆ ಏನಿಲ್ವಲ್ಲ. ನಾನು ಮಾಡ್ತೀನಿ. ಆದ್ರೆ ಒಂದೇ ಭಾನುವಾರ, ಆಮೇಲೆ ಇದೇ ಅಭ್ಯಾಸ ಆಗ್ಬಾರ್ದು" ಎಂದರು. ಇಬ್ಬರೂ ಹೀಗೆ ಬಿಟ್ಟುಕೊಟ್ಟ ಮೇಲೆ ನನಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಇಪ್ಪತ್ತೈದು ಸಾಲು ಬೇಕೇ ಬೇಕು ಎಂದುಕೊಂಡೆ.

ಆ ಭಾನುವಾರ ಐದಕ್ಕೇ ಸ್ನಾನ ಮಾಡಿ, ಕಾಫಿ ಕುಡಿದು ಮೇಜಿನ ಮುಂದೆ ಕೂತೆ. ಬಾಗಿಲು ತೆರೆದಿದ್ದರೆ ಅಲ್ಲಿಂದಲೇ ನಡುಮನೆಯ ಗಡಿಯಾರ ಕಾಣುತ್ತಿತ್ತು. ರೇಡಿಯೊದಲ್ಲಿ ವಾರ್ತೆಯ ಹೊತ್ತಿಗೆ ಸರಿಯಾಗಿ ನೋಡಿದೆ: ಎಂದಿನಂತೆ ಹತ್ತು ನಿಮಿಷ ಮುಂದೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಯಜಮಾನರು ತಮ್ಮ ಕೈಗಡಿಯಾರ ಬಿಚ್ಚಿಕೊಡಲು ಬಂದರು. "ಬೇಡ, ನನಗೆ ಆ ಲೆಕ್ಕ ಅಭ್ಯಾಸ" ಎಂದೆ. ಎಷ್ಟು ಜಂಬ ನನಗೆ.

ಮೊದಲ ಕರೆ ಮೈಸೂರಿನಿಂದ ಬಂತು. ಸ್ಪೀಕರಿನಲ್ಲಿ ಗಂಭೀರವಾದ ಗಂಡಸಿನ ಧ್ವನಿ, "ಗುಡ್ ಮಾರ್ನಿಂಗ್ ಓಲ್ಡ್ ಮ್ಯಾನ್" ಎಂದಿತು. ಹ್ಯಾಮ್‌ಗಳಲ್ಲಿ ಒಬ್ಬರನ್ನೊಬ್ಬರು ಹಾಗೆ ಕರೆಯುವುದು ರೂಢಿ. ಅತ್ತೆಯವರು ಕಾಫಿಲೋಟ ಒಯ್ಯಲು ಬಂದವರು ನಿಂತರು. ಅಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು.

"ಯಾರನ್ನ ಮುದುಕ ಅಂತಿರೋದು ಅವನು?"

"ನನ್ನನ್ನ, ಅತ್ತೆ."

"ಕಣ್ಣು ಕಾಣಲ್ವ ಅವನಿಗೆ" ಎಂದು ಲೋಟ ತೆಗೆದುಕೊಂಡು ಹೋದರು. ನನಗೆ ನಗು ಬಂತು, ನಗುವಿನ ಜೊತೆಗೆ ಬಾಯಿ ಒಣಗುವುದೂ ನಿಂತಿತು. ನನ್ನ ಕರೆಗುರುತು ಹೇಳಿದೆ. ಆ ಗಂಭೀರ ಧ್ವನಿ ಮೆತ್ತಗಾಗಿ, ಕ್ಷಮಿಸಿ ಎಂದಿತು.

ಕಾನ್ವೆಂಟಿನ ಸಿಸ್ಟರು ನಮಗೆ ಕಲಿಸಿದ ಮರ್ಯಾದೆ ಸ್ಪರ್ಧೆಗೆ ಹೇಳಿ ಮಾಡಿಸಿದ್ದಲ್ಲ. ಕರೆಗುರುತು, ಸಂಖ್ಯೆ, ಮುಗಿಯಿತು ಎನ್ನಬೇಕಾದ ಕಡೆ ನಾನು ಎಲ್ಲರಿಗೂ ಶುಭೋದಯ ಹೇಳಿ, ಕರೆದುದಕ್ಕೆ ವಂದಿಸಿ, ದಿನ ಚೆನ್ನಾಗಿ ಕಳೆಯಲಿ ಎಂದು ಹಾರೈಸಿ ಬೀಳ್ಕೊಡುತ್ತಿದ್ದೆ. ಬಾಗಿಲಿಗೆ ಒರಗಿ ನಿಂತಿದ್ದ ಯಜಮಾನರು, "ನೀನು ಸ್ಪರ್ಧೆ ಮಾಡ್ತಿದೀಯೋ, ಅರಿಶಿನ ಕುಂಕುಮಕ್ಕೆ ಕರೀತಿದೀಯೋ?" ಎಂದರು. ಆದರೂ ಬಿಡಲಾಗಲಿಲ್ಲ. ಯಾರೋ ಕಾಣದವರು, ನಮ್ಮ ಕರೆಗೆ ಓಗೊಟ್ಟವರು. ಒಂದು ಥ್ಯಾಂಕ್ಸ್ ಹೇಳದೆ ಮುಖ ತಿರುಗಿಸುವುದು ಹೇಗೆ?

ಹನ್ನೊಂದು ಗಂಟೆಗೆ ಹನ್ನೆರಡು ಸಾಲಾಗಿತ್ತು. ಆಗ ಮಲ್ಲೇಶ್ವರದಿಂದ ಯಜಮಾನರ ಅಕ್ಕ ಬಂದರು. ಅವರೆಕಾಯಿಯ ಕಾಲ. ಅತ್ತೆಯವರು ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ್ದರು. ಊಟವಾದಮೇಲೆ ತಾಯಿ ಮಗಳು ನಡುಮನೆಯಲ್ಲಿ ಕಾಲು ಚಾಚಿ ಕೂತು, ಮಧ್ಯೆ ಬೋಗುಣಿ ಇಟ್ಟುಕೊಂಡು, ಕಾಳು ಹಿದುಕತೊಡಗಿದರು. ಬೆರಳಿನ ನಡುವೆ ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಆ ಕೆಲಸಕ್ಕೆ ಕೊನೆಯಿಲ್ಲ, ಅದರ ಜೊತೆಗಿನ ಮಾತಿಗೂ ಕೊನೆಯಿಲ್ಲ. ಅವರ ಮಾತಿಗೆ ನನ್ನ ಸ್ಪೀಕರು ಅಡ್ಡ ಬರಬಾರದೆಂದು ನಾನು ಹೆಡ್‌ಫೋನು ಹಾಕಿಕೊಂಡೆ. ಕರಿಯ ದಪ್ಪ ಹೆಡ್‌ಫೋನು. ಹಾಕಿಕೊಂಡರೆ ಮನೆ ಪೂರಾ ಮೌನ.

ಹದಿನೆಂಟನೆಯ ಸಾಲು ಮದ್ರಾಸಿನ ಒಬ್ಬ ಹಿರಿಯರದು. ಸಂಖ್ಯೆ ಕೊಟ್ಟು ತೆಗೆದುಕೊಂಡು ಆದಮೇಲೆ ಅವರು, ನಿಮ್ಮ ಹಿಂದೆ ಯಾರೋ ಹೆಂಗಸು ಹಾಡುತ್ತಿರುವ ಹಾಗಿದೆ, ಮನೆಯಲ್ಲಿ ಸಂಗೀತವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ ನೋಡಿದೆ. ನಮ್ಮ ಹೂವಿನವಳು. ಗೇಟಿನ ಬಳಿ ನಿಂತು "ಹೂವಮ್ಮೋ... ಮಲ್ಗೆ ಹೂವಾ" ಎಂದು ರಾಗ ಎಳೆಯುತ್ತಿದ್ದಳು. ನಮ್ಮ ಬಾಗಿಲಿಗೆ ಬಂದ ಹೂವಿನವಳ ಸುದ್ದಿಯನ್ನು ಮದ್ರಾಸಿನವರು ನನಗೆ ತಿಳಿಸಿದರಲ್ಲ ಎಂದು ಬಹಳ ಸಂತೋಷವಾಯಿತು. ಅವರಿಗೆ ವಿಷಯ ಹೇಳಿ, ವಂದಿಸಿ, ಹೊತ್ತು ಬರೆದುಕೊಂಡು ಮತ್ತೆ ಹೆಡ್‌ಫೋನಿನೊಳಗೆ ಹೊಕ್ಕೆ.

ಆಮೇಲೆ ನಿಲ್ದಾಣಗಳು ವಿರಳವಾದವು. ಗುಂಡಿ ತಿರುಗಿಸುತ್ತ ಕೂತರೆ ಬರೀ ಸುಯ್‌ಗುಟ್ಟುವ ಸದ್ದು. ಮುಂದಿನ ಸಾಲು ಬರೆಯಲು ತಲೆಯೆತ್ತಿ ಗಡಿಯಾರ ನೋಡಿದಾಗ ನಾಲ್ಕೂಕಾಲು ಆಗಿತ್ತು. ಇಷ್ಟು ಬೇಗ ಹೊತ್ತು ಹೋಯಿತೇ ಅನ್ನಿಸಿತು. ಕಾಯುತ್ತ ಕೂತಾಗ ಹೊತ್ತು ಹೋಗುವುದು ಹೀಗೇ ಇರಬೇಕು ಎಂದುಕೊಂಡು, ಹತ್ತು ಕಳೆದು ಬರೆದೆ. ಸ್ವಲ್ಪ ಹೊತ್ತಿಗೆ ಅತ್ತಿಗೆ ತಲೆ ತುಂಬ ಹೂ ಮುಡಿದು, ಹಿದುಕಿದ ಬೇಳೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ಕೈಬೀಸಿದರು. ಮಾರ್ಕೆಟ್ಟಿನಲ್ಲಿ ಮಲ್ಲೇಶ್ವರದ ಬಸ್ಸು ಹತ್ತಿಸಿ ಬರಲು ಯಜಮಾನರು ಅವರ ಜೊತೆ ಹೋದರು.

ಗಡಿಯಾರ ಆರು ಗಂಟೆ ಹತ್ತು ನಿಮಿಷ ತೋರಿಸಿದಾಗ, ಅಂದರೆ ನನ್ನ ಲೆಕ್ಕಕ್ಕೆ ಸರಿಯಾಗಿ ಆರಾದಾಗ, ಪುಸ್ತಕದಲ್ಲಿ ಇಪ್ಪತ್ತಮೂರು ಸಾಲಿತ್ತು. ಎರಡು ಸಾಲು ಕಮ್ಮಿ. ಸಿಸ್ಟರು ಕಲಿಸಿದ ಹಾಗೆ ಕೆಳಗೆ ರೂಲರ್ ಇಟ್ಟು ಗೆರೆ ಎಳೆದೆ, ಸೆಟ್ಟು ಆರಿಸಿದೆ. ಒಳಗಿನ ಬಲ್ಬಿನಂಥ ವಾಲ್ವುಗಳ ಕೆಂಪು ನಿಧಾನವಾಗಿ ಕಂದಿತು. ಅಳು ಬರಲಿಲ್ಲ, ಯಜಮಾನರಿಗೆ ಏನು ಹೇಳುವುದು ಎಂಬುದೊಂದೇ ಯೋಚನೆ. ಅವರು ಬಿಟ್ಟುಕೊಟ್ಟ ಭಾನುವಾರ ಹೀಗೆ ಹೋಯಿತಲ್ಲ.

ಅಷ್ಟರಲ್ಲಿ ಅವರೇ ಬಂದರು. ಚಪ್ಪಲಿ ಬಿಡುತ್ತ ಒಳಗೆ ನೋಡಿ, "ಇದ್ಯಾಕೆ ಆರಿಸ್ಬಿಟ್ಟೆ?" ಎಂದರು.

"ಆರಾಯ್ತಲ್ಲ."

"ಎಲ್ಲಿ ಆರು? ಐದೂ ಮೂವತ್ತೈದು."

ಅವರ ಕೈಗಡಿಯಾರ ನೋಡಿದೆ. ನಡುಮನೆಯ ಗಡಿಯಾರ ನೋಡಿದೆ. ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ನೋಡಿದೆವು. ಅತ್ತೆಯವರು ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು.

"ಅಮ್ಮ, ಗಡಿಯಾರ ಮುಟ್ಟಿದ್ಯಾ?"

"ಮುಟ್ಟಿದೆ" ಎಂದರು, ಒಂದಿಷ್ಟೂ ಅಳುಕದೆ. "ನಿಮ್ಮಕ್ಕ ಏಳೋ ಹಾಗೇ ಕಾಣ್ಲಿಲ್ಲ. ಭಾನುವಾರ ನಾಲ್ಕೂವರೆಗೆ ರಾಹುಕಾಲ. ಹೊರಡು ಹೊರಡು ಅಂತ ಹೆತ್ತ ಮಗಳಿಗೆ ಬಾಯಿಬಿಟ್ಟು ಹೇಳಕ್ಕಾಗತ್ತಾ? ಒಂದಿಷ್ಟು ಮುಂದೆ ತಳ್ಳಿದೆ. ಅವಳೇ ನೋಡ್ಕೊಂಡು ಎದ್ದಳು." ಆಮೇಲೆ ನನ್ನ ಮುಖ ನೋಡಿದರು. "ಯಾಕೆ? ಏನಾಯ್ತು?"

ಯಜಮಾನರು ಪುಸ್ತಕ ನೋಡಿ ಹೇಳಿದರು. ಇವಳಿಗೆ ಇನ್ನು ಎರಡು ಬೇಕು, ಇಪ್ಪತ್ತೈದು ನಿಮಿಷ ಇದೆ, ನಿನ್ನ ಗಡಿಯಾರ ನಂಬಿ ಸೆಟ್ಟು ಆರಿಸಿ ಕೂತಿದ್ದಾಳೆ. ಅತ್ತೆಯವರ ಮುಖ ಸಣ್ಣದಾಯಿತು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟವಳು ಹಾಗೇ ತಡೆದೆ. ಈಗ ನಿಜವಾದ ರಾಹುಕಾಲ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಈ ಮನೆಯಲ್ಲಿ ಹೊಸದಾಗಿ ಏನನ್ನೂ ಶುರುಮಾಡುವಂತಿಲ್ಲ. ಹಾಲಿಗೆ ಹೆಪ್ಪು ಹಾಕಬೇಕಾದರೂ ಕಾಯುತ್ತಿದ್ದೆವು. ನಿಂತುಹೋದದ್ದನ್ನು ಮತ್ತೆ ಹೊತ್ತಿಸುವುದೆಂದರೆ ಶುರುಮಾಡಿದಂತೆಯೇ. ಅವರ ಮನೆ, ಅವರ ನೇಮ. ನಾನು ಅವರನ್ನೇ ನೋಡಿದೆ.

ಅವರಿಗೆ ಅರ್ಥವಾಯಿತು. ಒಂದು ಗಳಿಗೆ ಯೋಚಿಸಿ ಹೇಳಿದರು, "ನೀನು ಶುರು ಮಾಡಿದ್ದು ಬೆಳಿಗ್ಗೆ. ಮಧ್ಯದಲ್ಲಿ ಒಂದ್ಲೋಟ ನೀರು ಕುಡಿಯೋಕೆ ಎದ್ದಿದ್ದೆ, ಅಷ್ಟೆ. ಹೋಗು, ಕೂತ್ಕೊ." ಹೇಳಿ, ನಿಜವಾಗಿಯೂ ಒಂದು ಲೋಟ ನೀರು ತಂದುಕೊಟ್ಟು, ಕುಡಿಯುವವರೆಗೂ ನಿಂತರು.

ವಾಲ್ವು ಬಿಸಿಯಾಗಲು ಕೆಲವು ನಿಮಿಷ ಹಿಡಿಯಿತು. ಈ ಸಲ ಸ್ಪೀಕರನ್ನೇ ಹಾಕಿದೆವು. ಯಜಮಾನರು ಕೈಗಡಿಯಾರ ಬಿಚ್ಚಿ ನನ್ನ ಮುಂದಿಟ್ಟರು. ಅತ್ತೆಯವರು ಮಣೆ ಹಾಕಿಕೊಂಡು ಬಾಗಿಲ ಬಳಿ ಕೂತರು. ಐದೂ ನಲವತ್ತಾರಕ್ಕೆ ಹೈದರಾಬಾದಿನ ಒಬ್ಬರು ಸಿಕ್ಕಿದರು, ಇಪ್ಪತ್ತನಾಲ್ಕು. ಆಮೇಲೆ ಯಾರೂ ಇಲ್ಲ. ಕರೆದೆ, ಕಾದೆ, ಮತ್ತೆ ಕರೆದೆ. ಐದೂ ಐವತ್ತು. ಐವತ್ತೆರಡು. "ಇನ್ನೊಂದ್ಸಲ ಕರಿ" ಎನ್ನುತ್ತಿದ್ದವರು ಅತ್ತೆಯವರು. "ಎಲ್ಲೋ ಕಾಫಿ ಕುಡೀತಿರ್ತಾರೆ ಪಾಪ. ಕರಿ."

ಐವತ್ತಾರಕ್ಕೆ, ಸುಯ್‌ಗುಟ್ಟುವ ಸದ್ದಿನ ಅಡಿಯಿಂದ ಯಾವುದೋ ಸಣ್ಣ ಧ್ವನಿ ನನ್ನ ಕರೆಗುರುತಿನ ಕೊನೆಯ ಎರಡು ಅಕ್ಷರ ಹೇಳಿತು. ನೀಲಗಿರಿ ಬೆಟ್ಟದ ಮೇಲಿನ ಒಬ್ಬ ವೃದ್ಧರು. ಅವರ ಸಂಖ್ಯೆ ನನಗೆ ಕೇಳಿಸದು, ನನ್ನದು ಅವರಿಗೆ ಕೇಳಿಸದು. ಮೂರು ಸಲ ಹೇಳಿದರು. ಬೇಸರಪಡದೆ ನಾಲ್ಕನೆಯ ಸಲ ಒಂದೊಂದೇ ಅಂಕೆಯನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಬರೆದುಕೊಂಡೆ. ಐದೂ ಐವತ್ತೊಂಬತ್ತು. ಅವರಿಗೆ ಬರೀ ಥ್ಯಾಂಕ್ಸ್ ಹೇಳಲು ಹೊತ್ತಿತ್ತು, ಹೇಳಿದೆ.

ಅತ್ತೆಯವರು ಎದ್ದು, "ಆಯ್ತಾ?" ಎಂದರು.

ಆಗಿರಲಿಲ್ಲ. ಇಪ್ಪತ್ತಮೂರರವರೆಗಿನ ಸಾಲುಗಳಲ್ಲಿ ಎಲ್ಲಿಂದಲೋ ಹೊತ್ತು ಕೆಟ್ಟಿತ್ತು. ಹಾಗೇ ಕಳಿಸಿದರೆ ಆ ಸಾಲುಗಳು ಹೋಗುತ್ತವೆ, ಅವುಗಳ ಜೊತೆಗೆ ಪಟ್ಟಿಯೂ. ಗಡಿಯಾರ ಮುಂದಕ್ಕೆ ಹೋದದ್ದು ಯಾವ ಸಾಲಿನ ನಂತರ? ಎಷ್ಟು?

"ಎಷ್ಟು ತಳ್ಳಿದ್ರಿ ಅಂತ ನೆನಪಿದ್ಯಾ, ಅತ್ತೆ?"

"ನೆನಪಿಲ್ದೆ ಏನು? ದೊಡ್ಡ ಮುಳ್ಳು ಒಂಬತ್ತರ ಮೇಲಿತ್ತು. ಎರಡರ ಮೇಲೆ ತಂದೆ. ಮಧ್ಯದಲ್ಲಿ ಹಾಳಾದ್ದು ನಾಲ್ಕು ಹೊಡೀತು. ನಿಮ್ಮತ್ತಿಗೆ ಹಿತ್ತಲಲ್ಲಿ ಕೈ ತೊಳೀತಿದ್ದಳು, ಪುಣ್ಯ."

"ಯಾವಾಗ?"

"ಹೂವಿನವಳು ಬಂದ್ಲಲ್ಲ, ಆಗ. ಎರಡು ಮೊಳ ತಗೊಂಡು, ಒಳಗ್ಬಂದು, ಸ್ಟೂಲ್ ಹಾಕ್ಕೊಂಡು ಹತ್ತಿದೆ."

ಹೂವಿನವಳು. ಮದ್ರಾಸಿನ ಹಿರಿಯರು ನನಗೆ ಹೇಳಿದ ಹೂವಿನವಳು. ಪುಸ್ತಕದ ಹದಿನೆಂಟನೆಯ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿಯವರೆಗೆ ಸರಿ, ಅದರ ಕೆಳಗಿನ ಐದು ಸಾಲಿಗೆ ಇನ್ನೂ ಇಪ್ಪತ್ತೈದು ಕಳೆಯಬೇಕು. ಅಷ್ಟು ಸುಲಭವಾಗಿ ಕೈಗೆ ಬಂತು. ಮುಳ್ಳು ತಿರುಗಿಸಿದವರಿಗೆ ಅಷ್ಟು ಸರಿಯಾಗಿ ನೆನಪಿರದಿದ್ದರೆ, ಮದ್ರಾಸಿನವರಿಗೆ ನಮ್ಮ ಬೀದಿಯ ಸದ್ದಿನ ಮೇಲೆ ಕುತೂಹಲವಿಲ್ಲದಿದ್ದರೆ, ಬರುತ್ತಿರಲಿಲ್ಲ.

"ಬೇರೆ ಹಾಳೇಲಿ ನೀಟಾಗಿ ಬರ್ದುಬಿಡು, ಯಾರಿಗೆ ಗೊತ್ತಾಗತ್ತೆ" ಎಂದರು ಯಜಮಾನರು. ನನಗೆ ಮನಸ್ಸು ಬರಲಿಲ್ಲ. ತಪ್ಪನ್ನು ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆ, ಎರಡೂ ಕಾಣಲಿ ಎಂದು ಸಿಸ್ಟರು ಹೇಳುತ್ತಿದ್ದರು. ಐದು ಗೆರೆ ಎಳೆದು, ಐದು ಹೊತ್ತು ತಿದ್ದಿ, ಕಾರಣ ತಿಳಿಸುವ ಕಾಗದವೊಂದನ್ನು ಜೊತೆಗೆ ಬರೆಯಲು ಕೂತೆ.

ಅತ್ತೆಯವರಿಗೆ ಈಗ ಗಾಬರಿಯಾಯಿತು. "ನನ್ನ ವಿಷಯ ಅದರಲ್ಲಿ ಬರೀತೀಯ?"

"ಬರೀಲೇಬೇಕಲ್ಲ, ಅತ್ತೆ."

ಹತ್ತಿರ ಬಂದು ಕಾಗದದ ಕಡೆ ಬಗ್ಗಿ, "ಬರಿ. ಆದ್ರೆ ಮಗಳನ್ನ ಓಡಿಸೋಕೆ ಮಾಡಿದ್ದು ಅಂತ ಬರೀಬೇಡ. ರಾಹುಕಾಲ ತಪ್ಪಿಸೋಕೆ ಅಂತ ಬರಿ" ಎಂದರು. ಹಾಗೆಯೇ ಬರೆದೆ.

ಮೂರು ತಿಂಗಳಾದಮೇಲೆ ಫಲಿತಾಂಶದ ಹಾಳೆ ಬಂತು. ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ನನ್ನ ಕರೆಗುರುತು, ಅದರ ಮುಂದೆ ಇಪ್ಪತ್ತೈದು. ಜೊತೆಗೆ ಪುಸ್ತಕಗಳನ್ನು ತಾಳೆ ನೋಡಿದವರು ಟೈಪು ಮಾಡಿದ ಒಂದು ಪುಟ್ಟ ಕಾಗದ. ನಿಮ್ಮ ತಿದ್ದುಪಡಿ ಉಳಿದವರ ಪುಸ್ತಕಗಳೊಡನೆ ತಾಳೆಯಾಗಿದೆ, ನಮ್ಮ ಮನೆಯ ಗಡಿಯಾರವೂ ಮುಂದೆಯೇ ಓಡುತ್ತದೆ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಎಂದಿತ್ತು. ಅತ್ತೆಯವರು ಅದನ್ನು ಕನ್ನಡದಲ್ಲಿ ಎರಡು ಸಲ ಓದಿಸಿದರು. ಹಾಳೆಯನ್ನು ದೂರ ಹಿಡಿದು, ನಾನು ತೋರಿಸಿದ ಜಾಗದಲ್ಲಿ ಆ ನಾಲ್ಕಾರು ಅಕ್ಷರಗಳನ್ನು ನೋಡಿದರು. "ಕೊನೇಲಿ ಹಾಕಿದಾರಲ್ಲ" ಎಂದರು. "ಕೊನೆಯಾದ್ರೂ ಇದೆಯಲ್ಲ, ಅತ್ತೆ" ಎಂದೆ.

ಒಂದೇ ಭಾನುವಾರ ಎಂದಿದ್ದ ಮಾತು ಅಲ್ಲಿಗೇ ಮರೆತುಹೋಯಿತು, ಯಾರೂ ನೆನಪಿಸಲಿಲ್ಲ. ಮುಂದಿನ ವರ್ಷ ಯಜಮಾನರು ಅರ್ಧ ದಿನ, ನಾನು ಅರ್ಧ ದಿನ ಕೂತೆವು. ನನ್ನ ಇಡೀ ಬದುಕಿನಲ್ಲಿ ನನ್ನದೆಂದು ಅಚ್ಚಾದದ್ದು ಅಂಥ ಕೆಲವೇ ಸಾಲುಗಳು. ಅವುಗಳಲ್ಲಿ ಮೊದಲನೆಯದಕ್ಕೆ ಎಷ್ಟು ಜನರ ಕೈ ಸೇರಿತ್ತು ಎಂದು ಈಗ ಎಣಿಸಿದರೆ, ಸೆಟ್ಟು ಬಿಟ್ಟುಕೊಟ್ಟವರು, ಅಡುಗೆ ನೋಡಿಕೊಂಡವರು, ಬೆಟ್ಟದ ಮೇಲಿನಿಂದ ನಾಲ್ಕು ಸಲ ಹೇಳಿದವರು, ಹೂ ಮಾರಿದವಳು ಎಲ್ಲರೂ ಬರುತ್ತಾರೆ.

ಅತ್ತೆಯವರು ಗಡಿಯಾರ ತಿರುಗಿಸುವುದನ್ನೇನೂ ಬಿಡಲಿಲ್ಲ. ಆದರೆ ಆ ಭಾನುವಾರದಿಂದ ಮುಂದೆ, ಸ್ಪರ್ಧೆ ಇರಲಿ ಬಿಡಲಿ, ನೆಂಟರು ಹಿತ್ತಲಿಗೆ ಹೋದ ಹೊತ್ತು ನೋಡಿ ಸ್ಟೂಲ್ ಹತ್ತಿದಾಗಲೆಲ್ಲ, ಮುಳ್ಳಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಿದ್ದರು:

"ಹದಿನೈದು ನಿಮಿಷ ಮುಂದೆ ಹಾಕ್ತಿದೀನಿ. ಬರ್ಕೊಳಮ್ಮ."